ಕಾರ್ಬೈನ್ ಗಿಡ್ಡ, ಗುಂಡು ಉದ್ದ: ಬ್ಯಾರೆಲ್ಲಿನ ತಿರುವು ಎಷ್ಟಿರಬೇಕು?



ಮೊದಲೇ ಒಂದು ತಪ್ಪೊಪ್ಪಿಗೆ. ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮೆಕ್ಯಾನಿಕಲ್ ವಿಭಾಗದ ಸೆಮಿನಾರ್‌ನಲ್ಲಿ ನಾನು ಬಂದೂಕಿನ ಬ್ಯಾರೆಲ್ ಬಗ್ಗೆ ಮಾತಾಡಿದ್ದೆ. ಕೊನೆಗೆ ರಾಮದುರ್ಗ ಕಡೆಯ ಜೂನಿಯರ್ ಒಬ್ಬ ಎದ್ದು ನಿಂತು, "ಅಣ್ಣಾ, ಕಾರ್ಬೈನ್ ನಳಿಗಿ ಗಿಡ್ಡ ಇರತೈತಿ. ಹಂಗಾದ್ರ ಅದರೊಳಗಿನ ತಿರುವು ಇನ್ನೂ ಜೋರ್ ಇರಬೇಕೇನ್ರಿ?" ಅಂತ ಕೇಳಿದ. ನಾನು ಒಂದು ಸೆಕೆಂಡೂ ಯೋಚಿಸದೆ, "ಮತ್ತ? ನಳಿಗಿ ಗಿಡ್ಡ ಆದಷ್ಟೂ ಗುಂಡನ್ನ ಜೋರ್ ತಿರುಗಿಸಬೇಕು" ಅಂದೆ. ಚಪ್ಪಾಳೆ ಬಿತ್ತು. ಮಾರ್ಕ್ಸೂ ಬಂತು.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ನಾನು ಹೇಳಿದ್ದು ತಪ್ಪು. ಆ ಹುಡುಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಅವನಿಗೂ, ಅವತ್ತು ಚಪ್ಪಾಳೆ ತಟ್ಟಿದ ಎಲ್ಲರಿಗೂ ಸರಿಯಾದ ಉತ್ತರ ಕೊಡುವುದಕ್ಕೆ ಈ ಲೇಖನ. ಇಲ್ಲಿ ಬೇಕಾಗಿರುವುದು ಪೆನ್ನು, ಹಾಳೆ, ಕ್ಯಾಲ್ಕ್ಯುಲೇಟರ್ ಮಾತ್ರ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಂದೂಕಿನ ಭಾಗ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ವರ್ಕ್‌ಶಾಪಿನ ಕಡೆ ಯಾರೂ ಹೋಗಬೇಡಿ, ಲೆಕ್ಕದಲ್ಲೇ ಸಾಕಷ್ಟು ಮಜಾ ಇದೆ.

ಕಿತ್ತೂರಿನ ಕಾಲದ ನುಣುಪು ನಳಿಗೆ

ನಮ್ಮ ಮನೆ ಬೈಲಹೊಂಗಲ. ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಊರು, ಅವರ ಸಮಾಧಿ ಇರುವ ಊರು. ಸಣ್ಣವನಿದ್ದಾಗ ನಮ್ಮ ಮುತ್ಯಾ ಪ್ರತಿ ವರ್ಷ ಕಿತ್ತೂರು ಉತ್ಸವಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕೋಟೆಯ ಬಾಗಿಲ ಹತ್ತಿರ ನಿಂತು ಅವರು ಹೇಳುತ್ತಿದ್ದ ಕಥೆ ಒಂದೇ: 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಫೌಜು ತಂದಿದ್ದು, ಅಮಟೂರು ಬಾಳಪ್ಪ ಗುರಿಯಿಟ್ಟಿದ್ದು, ಥ್ಯಾಕರೆ ಬಿದ್ದಿದ್ದು. "ಒಂದ ಗುಂಡು ನೋಡಪಾ" ಅನ್ನುತ್ತಿದ್ದರು ಮುತ್ಯಾ.

ಎಂಜಿನಿಯರಿಂಗ್‌ಗೆ ಬಂದ ಮೇಲೆ ಆ ಕಥೆಯ ಬೆಲೆ ನನಗೆ ಹೆಚ್ಚಾಯಿತು. ಯಾಕೆಂದರೆ ಆ ಕಾಲದ ಬಹುತೇಕ ಬಂದೂಕುಗಳ ಒಳಗೆ ತಿರುವು ಅನ್ನುವುದೇ ಇರಲಿಲ್ಲ. ನಮ್ಮ ಕಡೆಯ ಬತ್ತಿ ಹಚ್ಚಿ ಸಿಡಿಸುವ ಬಂದೂಕುಗಳ ನಳಿಗೆ ಬಹುತೇಕ ನುಣುಪು. ಕಂಪನಿ ಸಿಪಾಯಿಗಳ ಕೈಯಲ್ಲಿದ್ದ ಬ್ರೌನ್ ಬೆಸ್ ಬಂದೂಕಿನದೂ ಅಷ್ಟೆ. ಅದರ ನಳಿಗೆಯ ಒಳ ವ್ಯಾಸ 0.75 ಇಂಚು, ಸೀಸದ ಗುಂಡಿನ ವ್ಯಾಸ ಸುಮಾರು 0.69 ಇಂಚು. ಅಂದರೆ ಗುಂಡು ಒಳಗೆ ಸಡಿಲ. ಆಚೆ ಈಚೆ ಬಡಿದುಕೊಳ್ಳುತ್ತಾ ಹೊರಗೆ ಬರುತ್ತದೆ. ಕೊನೆಯದಾಗಿ ಯಾವ ಬದಿಗೆ ಬಡಿಯಿತೋ ಅದರ ಪ್ರಕಾರ ಯಾವುದೋ ಒಂದು ದಿಕ್ಕಿಗೆ ಉರುಳುತ್ತಾ ಹೋಗುತ್ತದೆ.

ಬ್ರಿಟಿಷ್ ಅಧಿಕಾರಿ ಕರ್ನಲ್ ಜಾರ್ಜ್ ಹ್ಯಾಂಗರ್ 1814ರಲ್ಲೇ ಬರೆದಿದ್ದ: ಸಾಮಾನ್ಯ ಸಿಪಾಯಿಯ ಬಂದೂಕು 80 ಗಜದಲ್ಲಿ ಮನುಷ್ಯನಿಗೆ ತಾಗಬಹುದು, ಬಹಳ ಆದರೆ 100 ಗಜ, 200 ಗಜದಲ್ಲಿ ಹೊಡೆಯುವುದೂ ಒಂದೇ, ಚಂದ್ರನಿಗೆ ಹೊಡೆಯುವುದೂ ಒಂದೇ. ಅಂಥ ಕಾಲದಲ್ಲಿ ಗುರಿಯಿಟ್ಟು ಹೊಡೆಯುವುದು ಅಂದರೆ ಹತ್ತಿರ ಹೋಗಿ, ಎದೆಗಟ್ಟಿ ಮಾಡಿಕೊಂಡು ನಿಲ್ಲುವುದು ಅಂತಲೇ ಅರ್ಥ.

ಗುಂಡು ಯಾಕೆ ದಾರಿ ತಪ್ಪುತ್ತದೆ ಅನ್ನುವುದನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವರು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರ ತಮ್ಮ ಪುಸ್ತಕದಲ್ಲಿ ಗುಂಡಿನ ವೇಗ ಅಳೆಯುವ ಲೋಲಕದ ವಿಧಾನ ಕೊಟ್ಟರು. ಗುಂಡು ತನ್ನಷ್ಟಕ್ಕೆ ಉರುಳುವುದರಿಂದಲೇ ಅದು ಬಾಗುತ್ತದೆ ಎಂದೂ ತೋರಿಸಿದರು. ಆಯಿಲರ್‌ನಂಥ ಗಣಿತಜ್ಞ ಅದನ್ನು ಜರ್ಮನ್‌ಗೆ ಅನುವಾದ ಮಾಡಿದ. ಈ ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು.

ಪರಿಹಾರ ಇಷ್ಟೆ: ಗುಂಡು ಹೇಗೂ ತಿರುಗುತ್ತದೆ ಅಂದಮೇಲೆ, ನಮಗೆ ಬೇಕಾದ ದಿಕ್ಕಿಗೇ ತಿರುಗಿಸೋಣ. ನಳಿಗೆಯ ಒಳಗೆ ಸುರುಳಿಯಾಕಾರದ ಗೀರು ಕೊರೆದರೆ ಗುಂಡು ಅದನ್ನು ಹಿಡಿದುಕೊಂಡು ತಿರುಗುತ್ತಾ ಹೊರಬರುತ್ತದೆ. ಇದೇ ರೈಫಲಿಂಗ್. ಲೇಥ್ ಮೇಲೆ ಥ್ರೆಡ್ ಕತ್ತರಿಸಿದವರಿಗೆ ಪಿಚ್ ಗೊತ್ತಲ್ಲ, ಇದೂ ಹಾಗೆಯೇ. ಒಂದು ಪೂರ್ತಿ ಸುತ್ತು ಬರಲು ನಳಿಗೆಯಲ್ಲಿ ಎಷ್ಟು ಇಂಚು ಸಾಗಬೇಕು ಅನ್ನುವುದೇ ತಿರುವಿನ ಅಳತೆ. '7ಕ್ಕೆ 1' ಅಂದರೆ 7 ಇಂಚಿಗೆ ಒಂದು ಸುತ್ತು. ಅಂಕಿ ಚಿಕ್ಕದಾದಷ್ಟೂ ತಿರುವು ಜೋರು. ಇದು ಪರೀಕ್ಷೆಯಲ್ಲಿ ಉಲ್ಟಾ ಬರೆಯುವ ಜಾಗ, ನೆನಪಿರಲಿ.

ಕಿತ್ತೂರಿನ ಯುದ್ಧ ಆಗಿ 34 ವರ್ಷಕ್ಕೆ, 1858ರ ಮೇ 29ರ ರಾತ್ರಿ, ರಾಮದುರ್ಗ ಸೀಮೆಯ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದ ಬಾಬಾಸಾಹೇಬರ ಕಡೆಯವರು ಕೊಂದರು. ಅಷ್ಟರಲ್ಲಿ ಬಂದೂಕಿನ ಕಾಲವೇ ಬದಲಾಗಿತ್ತು. ಬ್ರಿಟಿಷ್ ಸೈನಿಕರಿಗೆ 1853ರ ಎನ್‌ಫೀಲ್ಡ್ ಬಂದಿತ್ತು. ಅದರ 39 ಇಂಚಿನ ನಳಿಗೆಯಲ್ಲಿ 78 ಇಂಚಿಗೆ ಒಂದು ಸುತ್ತು, ಅಂದರೆ ಗುಂಡು ಹೊರಬರುವಷ್ಟರಲ್ಲಿ ಬರೀ ಅರ್ಧ ಸುತ್ತು. 1857ರ ದಂಗೆಗೆ ಕಿಡಿ ಹಚ್ಚಿದ ಕೊಬ್ಬು ಸವರಿದ ತೋಟಾ ಇದೇ ಬಂದೂಕಿನದು. ಗೀರು ಇರುವ ನಳಿಗೆಯಲ್ಲಿ ಗುಂಡು ಬಿಗಿಯಾಗಿ ಕೂರಬೇಕು, ಬಾಯಿ ಕಡೆಯಿಂದ ತಳ್ಳುವಾಗ ಜಾರಬೇಕು. ಅದಕ್ಕೇ ಆ ಕೊಬ್ಬು. ಇತಿಹಾಸದ ಪುಸ್ತಕದಲ್ಲಿ ನಾವು ಓದಿದ ತೋಟಾದ ಹಿಂದೆ ಒಂದು ಮೆಕ್ಯಾನಿಕಲ್ ಸಮಸ್ಯೆ ಇತ್ತು.

ಬುಗುರಿ ಮತ್ತು ಗುಂಡು

ಗುಂಡು ಗೋಲವಾಗಿದ್ದಾಗ ಯಾವ ಮುಖ ಮುಂದೆ ಅನ್ನುವ ಪ್ರಶ್ನೆಯೇ ಇಲ್ಲ. ಉದ್ದನೆಯ ಚೂಪು ಗುಂಡು ಬಂದಮೇಲೆ ತಾಪತ್ರಯ ಶುರು. ಗಾಳಿಯ ಒತ್ತಡ ಗುಂಡಿನ ಮೂಗಿನ ಕಡೆ ಬೀಳುತ್ತದೆ, ತೂಕದ ಕೇಂದ್ರ ಹಿಂದೆ ಇರುತ್ತದೆ. ಹಾಗಾಗಿ ಗಾಳಿ ಯಾವಾಗಲೂ ಗುಂಡನ್ನು ಹಿಂದುಮುಂದಾಗಿ ಮಗುಚಲು ನೋಡುತ್ತದೆ. ಬಾಣಕ್ಕೆ ಹಿಂದೆ ಗರಿ ಇದೆ, ಗುಂಡಿಗೆ ಇಲ್ಲ. ಅದಕ್ಕಿರುವ ಆಸರೆ ತಿರುಗುವಿಕೆ ಒಂದೇ.

ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ಕೊಂಡ ಬುಗುರಿ ನೆನಪು ಮಾಡಿಕೊಳ್ಳಿ. ಚಾಟಿ ಸುತ್ತಿ ಬಿಟ್ಟರೆ ಮೊಳೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ವೇಗ ಇಳಿದ ಕೂಡಲೇ ತೂಗಾಡಿ ಬೀಳುತ್ತದೆ. ಎತ್ತರದ ಸಪೂರ ಬುಗುರಿ ಬೇಗ ಬೀಳುತ್ತದೆ, ದಪ್ಪ ಗಿಡ್ಡ ಬುಗುರಿ ತಡವಾಗಿ ಬೀಳುತ್ತದೆ. ಗುಂಡಿಗೂ ಇದೇ ನಿಯಮ: ಉದ್ದ ಹೆಚ್ಚಾದಷ್ಟೂ ಜೋರಾಗಿ ತಿರುಗಿಸಬೇಕು.

1879ರಲ್ಲಿ ಇಂಗ್ಲೆಂಡಿನ ವುಲ್ವಿಚ್‌ನ ಗಣಿತ ಪ್ರಾಧ್ಯಾಪಕ ಗ್ರೀನ್‌ಹಿಲ್ ಇದಕ್ಕೆ ಒಂದು ಸರಳ ಸೂತ್ರ ಕೊಟ್ಟರು:

ತಿರುವು = 150 × ವ್ಯಾಸ² ÷ ಗುಂಡಿನ ಉದ್ದ

ಎಲ್ಲವೂ ಇಂಚಿನಲ್ಲಿ. ಸೀಸದ ಗುಂಡಿಗೆ ಮಾಡಿದ ಸೂತ್ರ ಇದು. ವೇಗ ಸೆಕೆಂಡಿಗೆ 2800 ಅಡಿ ದಾಟಿದರೆ 150ರ ಬದಲು 180 ಹಾಕುವುದು ರೂಢಿ. ಎರಡು ಉದಾಹರಣೆ ನೋಡೋಣ.

ಎನ್‌ಸಿಸಿಯಲ್ಲಿ ನಾವು ಹೊಡೆಯುವ .22 ರೈಫಲ್: ವ್ಯಾಸ 0.223, ಗುಂಡಿನ ಉದ್ದ ಸುಮಾರು 0.47 ಇಂಚು. ಲೆಕ್ಕದ ಉತ್ತರ ಹತ್ತಿರ ಹತ್ತಿರ 16. ನಿಜವಾದ ರೈಫಲ್‌ಗಳಲ್ಲಿ ಇರುವುದೂ 16ಕ್ಕೆ 1.

ಹಳೆಯ .303 ರೈಫಲ್: ವ್ಯಾಸ 0.311, ಉದ್ದ ಸುಮಾರು 1.28. ಉತ್ತರ 11.3. ನಿಜವಾಗಿ ಇರುವುದು 10ಕ್ಕೆ 1.

ಸುಮಾರು 150 ವರ್ಷ ಹಳೆಯ ಸೂತ್ರ, ಇಷ್ಟು ಹತ್ತಿರ ಬರುತ್ತದೆ. ಈಗ ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ವ್ಯಾಸ ಇದೆ, ಗುಂಡಿನ ಉದ್ದ ಇದೆ. ನಳಿಗೆಯ ಉದ್ದ ಎಲ್ಲಿದೆ? ಎಲ್ಲೂ ಇಲ್ಲ. ಸೆಮಿನಾರ್ ದಿನ ನಾನು ಇದನ್ನೇ ಬೋರ್ಡ್ ಮೇಲೆ ಬರೆದಿದ್ದೆ, ಬರೆದೂ ನೋಡಿರಲಿಲ್ಲ.

ಗಿಡ್ಡ ನಳಿಗೆಯ ಗುಟ್ಟು

ನನ್ನ ತಪ್ಪು ತರ್ಕ ಹೀಗಿತ್ತು: ನಳಿಗೆ ಗಿಡ್ಡ, ಆದ್ದರಿಂದ ವೇಗ ಕಡಿಮೆ, ಆದ್ದರಿಂದ ಸುತ್ತು ಕಡಿಮೆ, ಆದ್ದರಿಂದ ಗುಂಡು ಮಗುಚುತ್ತದೆ. ಮೊದಲ ಮೂರು ಹೆಜ್ಜೆ ಸರಿ. ಅಂಕಿಯಲ್ಲೇ ನೋಡಿ. 20 ಇಂಚು ನಳಿಗೆಯ ಎಂ16 ರೈಫಲ್‌ನಲ್ಲಿ ಗುಂಡಿನ ವೇಗ ಸೆಕೆಂಡಿಗೆ ಸುಮಾರು 948 ಮೀಟರ್. 14.5 ಇಂಚಿನ ಎಂ4 ಕಾರ್ಬೈನ್‌ನಲ್ಲಿ ಸುಮಾರು 880. ಎರಡರ ತಿರುವೂ 7ಕ್ಕೆ 1, ಅಂದರೆ 0.178 ಮೀಟರ್‌ಗೆ ಒಂದು ಸುತ್ತು. ಭಾಗಿಸಿದರೆ ರೈಫಲ್‌ನಲ್ಲಿ ಸೆಕೆಂಡಿಗೆ ಸುಮಾರು 5300 ಸುತ್ತು, ಕಾರ್ಬೈನ್‌ನಲ್ಲಿ ಸುಮಾರು 4900. ನಿಮಿಷದ ಲೆಕ್ಕದಲ್ಲಿ 3 ಲಕ್ಷದ ಆಸುಪಾಸು! ನಮ್ಮ ಲ್ಯಾಬಿನ ಲೇಥ್ ಪಾಪ, ಇದರ ಮುಂದೆ ನಿದ್ದೆ ಮಾಡುತ್ತಿದೆ.

ಸುತ್ತು ಕಡಿಮೆಯಾಯಿತು, ನಿಜ. ಆದರೆ ಗುಂಡನ್ನು ಮಗುಚುವ ಶತ್ರು ಯಾರು? ಎದುರು ಬರುವ ಗಾಳಿ. ಗುಂಡು ನಿಧಾನವಾದರೆ ಗಾಳಿಯ ಏಟೂ ಮೆತ್ತಗಾಗುತ್ತದೆ. ತಿರುಗುವಿಕೆಯಿಂದ ಬರುವ ಗಟ್ಟಿತನ ಸುತ್ತಿನ ವರ್ಗಕ್ಕೆ ತಕ್ಕಂತೆ, ಅಂದರೆ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಗಾಳಿಯ ಮಗುಚುವ ಬಲವೂ ವೇಗದ ವರ್ಗಕ್ಕೇ ತಕ್ಕಂತೆ. ಮೇಲೂ ವೇಗದ ವರ್ಗ, ಕೆಳಗೂ ವೇಗದ ವರ್ಗ, ಎರಡೂ ಹೊಡೆದುಹೋಗುತ್ತವೆ. ಬುಗುರಿಯ ಹೋಲಿಕೆ ಇಲ್ಲಿಗೆ ಮುಗಿಯಿತು. ಬುಗುರಿಯನ್ನು ಬೀಳಿಸುವ ಭೂಮಿಯ ಸೆಳೆತ ಯಾವಾಗಲೂ ಅಷ್ಟೇ ಇರುತ್ತದೆ. ಗುಂಡನ್ನು ಬೀಳಿಸುವ ಗಾಳಿ ಅದರ ವೇಗದ ಜೊತೆಗೇ ಏರಿಳಿಯುತ್ತದೆ.

ಪೂರ್ತಿ ಹೊಡೆದುಹೋಗುವುದಿಲ್ಲ, ಒಂದಿಷ್ಟು ಉಳಿಯುತ್ತದೆ. ಡಾನ್ ಮಿಲ್ಲರ್ ಅವರ ಸೂತ್ರದಲ್ಲಿ ಸ್ಥಿರತೆಯು ವೇಗದ ಘನಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 880ನ್ನು 948ರಿಂದ ಭಾಗಿಸಿ ಘನಮೂಲ ತೆಗೆಯಿರಿ: 0.975. ಅಂದರೆ ಕಾರ್ಬೈನ್‌ನಲ್ಲಿ ಸ್ಥಿರತೆ ಕಡಿಮೆಯಾಗುವುದು ಬರೀ ಶೇ 2.5. ಇದನ್ನು ಸರಿದೂಗಿಸಲು 7 ಇಂಚನ್ನು 6.9 ಮಾಡಿದರೆ ಸಾಕು. ಯಾವ ಕಾರ್ಖಾನೆಯೂ ಇದಕ್ಕೋಸ್ಕರ ಬೇರೆ ಟೂಲ್ ಮಾಡುವುದಿಲ್ಲ. ಎಂ16ಕ್ಕೂ ಎಂ4ಗೂ ಒಂದೇ ತಿರುವು ಇರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಯಾವುದನ್ನು ನೋಡಿ ಆರಿಸಬೇಕು?

ಹೊಡೆಯಲಿರುವ ಗುಂಡುಗಳಲ್ಲಿ ಅತಿ ಉದ್ದವಾದದ್ದನ್ನು. ಇದಕ್ಕೆ ಮಿಲ್ಲರ್ ಸೂತ್ರವನ್ನೇ ಬಳಸೋಣ:

ಸ್ಥಿರತೆ = 30 × ತೂಕ ÷ [ತಿರುವು² × ವ್ಯಾಸ³ × ಉದ್ದ × (1 + ಉದ್ದ²)]

ತೂಕ ಗ್ರೇನ್‌ನಲ್ಲಿ, ವ್ಯಾಸ ಇಂಚಿನಲ್ಲಿ. ತಿರುವು ಮತ್ತು ಉದ್ದ ಮಾತ್ರ 'ವ್ಯಾಸದ ಎಷ್ಟು ಪಟ್ಟು' ಅನ್ನುವ ಲೆಕ್ಕದಲ್ಲಿ. ಉತ್ತರ 1ಕ್ಕಿಂತ ಕಡಿಮೆ ಬಂದರೆ ಗುಂಡು ಮಗುಚುತ್ತದೆ. 1.4, 1.5 ಇದ್ದರೆ ನೆಮ್ಮದಿ.

5.56 ಮಿ.ಮೀ. ಬಂದೂಕಿನ ನೇಟೋ ಗುಂಡು ಎಸ್‌ಎಸ್109: 62 ಗ್ರೇನ್ ತೂಕ, 0.906 ಇಂಚು ಉದ್ದ, 0.224 ವ್ಯಾಸ. ವೇಗದ ತಿದ್ದುಪಡಿ ಬಿಟ್ಟು ಲೆಕ್ಕ ಹಾಕಿದರೆ,

12ಕ್ಕೆ 1 ತಿರುವಿನಲ್ಲಿ: 0.8
9ಕ್ಕೆ 1 ತಿರುವಿನಲ್ಲಿ: 1.5
7ಕ್ಕೆ 1 ತಿರುವಿನಲ್ಲಿ: 2.4

12ಕ್ಕೆ 1 ಇದ್ದ ಹಳೆಯ ಎಂ16 ರೈಫಲ್‌ಗಳಲ್ಲಿ ಈ ಹೊಸ ಗುಂಡು ಯಾಕೆ ನೆಟ್ಟಗೆ ಹೋಗಲಿಲ್ಲ ಅನ್ನುವುದಕ್ಕೆ ಆ 0.8 ಸಾಕ್ಷಿ. ಹಾಗಾದರೆ 9 ಸಾಕಾಗಿತ್ತಲ್ಲ, 7ರವರೆಗೆ ಯಾಕೆ ಹೋದರು? ಅದೇ ಬಂದೂಕಿನಿಂದ ಬೆಳಕು ಉರಿಯುತ್ತಾ ಹೋಗುವ ಟ್ರೇಸರ್ ಗುಂಡನ್ನೂ ಹೊಡೆಯಬೇಕಿತ್ತು. ಅದರ ತೂಕ ಸುಮಾರು 64 ಗ್ರೇನ್, ಆದರೆ ಉರಿಯುವ ಮದ್ದು ತುಂಬಿದ್ದರಿಂದ ಉದ್ದ ಸುಮಾರು 1.15 ಇಂಚು. ಸೂತ್ರದಲ್ಲಿ ಹಾಕಿ: 9ಕ್ಕೆ 0.75, 7ಕ್ಕೆ 1.2. ತೂಕ ಹೆಚ್ಚುಕಡಿಮೆ ಒಂದೇ, ಉದ್ದ ಮಾತ್ರ ಬೇರೆ. ಫಲಿತಾಂಶ ಅರ್ಧಕ್ಕೆ ಇಳಿಯಿತು. "ಭಾರದ ಗುಂಡಿಗೆ ಜೋರು ತಿರುವು" ಅಂತ ಎಲ್ಲರೂ ಹೇಳುತ್ತಾರೆ. ಸರಿಯಾದ ಮಾತು "ಉದ್ದದ ಗುಂಡಿಗೆ ಜೋರು ತಿರುವು". ಒಂದೇ ವ್ಯಾಸದಲ್ಲಿ ಭಾರ ಹೆಚ್ಚಿದರೆ ಸಾಮಾನ್ಯವಾಗಿ ಉದ್ದವೂ ಹೆಚ್ಚುವುದರಿಂದ ಎರಡೂ ಒಂದೇ ಅನ್ನಿಸುತ್ತದೆ, ಅಷ್ಟೆ.

ಎರಡನೆಯದಾಗಿ ನೋಡಬೇಕಾದದ್ದು ಗಾಳಿಯ ಸಾಂದ್ರತೆ. ಅಮೆರಿಕದವರು ಎಂ16ಕ್ಕೆ ಮೊದಲು ಇಟ್ಟಿದ್ದು 14ಕ್ಕೆ 1. ಕೊರೆಯುವ ಚಳಿಯ ಪರೀಕ್ಷೆಯಲ್ಲಿ ಗುಂಡು ತೂಗಾಡಿತು, 1963ರಲ್ಲಿ 12ಕ್ಕೆ 1 ಮಾಡಿದರು. ನಾವೇ ಪರೀಕ್ಷಿಸೋಣ. 15 ಡಿಗ್ರಿಯ ಗಾಳಿಗಿಂತ ಮೈನಸ್ 50 ಡಿಗ್ರಿಯ ಗಾಳಿ 288 ÷ 223, ಅಂದರೆ 1.29 ಪಟ್ಟು ದಟ್ಟ. ತಿರುವು ಬದಲಿಸಿದ್ದರಿಂದ ಸ್ಥಿರತೆ ಹೆಚ್ಚಿದ್ದು 14 ÷ 12ರ ವರ್ಗ, ಅಂದರೆ 1.36 ಪಟ್ಟು. ಚಳಿ ಕಸಿದುಕೊಂಡಿದ್ದನ್ನು ತಿರುವು ವಾಪಸ್ ಕೊಟ್ಟು, ಸ್ವಲ್ಪ ಮಿಗಿಸಿತು. ನಮ್ಮ ಕಿತ್ತೂರು, ಬೈಲಹೊಂಗಲದಲ್ಲಿ ಇದರ ಉಲ್ಟಾ. ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸು ಎತ್ತರ, ಏಪ್ರಿಲ್‌ನಲ್ಲಿ 38 ಡಿಗ್ರಿ ಬಿಸಿಲು. ಗಾಳಿ ಶೇ 15ರಷ್ಟು ತೆಳು, ಗುಂಡಿಗೆ ಅಷ್ಟು ಆರಾಮ. ಇಲ್ಲಿ ಪಾಸಾದ ಬಂದೂಕು ಹಿಮದಲ್ಲಿ ಫೇಲಾಗಬಹುದು. ಆದ್ದರಿಂದ ಡಿಸೈನ್ ಮಾಡುವವರು ಅತಿ ಉದ್ದದ ಗುಂಡು, ಅತಿ ಚಳಿ, ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಸಂದೇಹ ಬಂದರೆ ಯಾವ ಕಡೆ ತಪ್ಪಬೇಕು? ತಿರುವು ಅಗತ್ಯಕ್ಕಿಂತ ಜೋರಾದರೆ ಗುಂಡಿನ ತಯಾರಿಯಲ್ಲಿನ ಸಣ್ಣ ಓರೆಕೋರೆ ದೊಡ್ಡದಾಗಿ ಕಾಣುತ್ತದೆ, ತೆಳು ಹೊದಿಕೆಯ ಗುಂಡು ಗಾಳಿಯಲ್ಲೇ ಒಡೆಯಬಹುದು. ಇವು ನಷ್ಟಗಳೇ, ಆದರೆ ಅಳತೆಯ ನಷ್ಟ. ತಿರುವು ಸಾಲದಿದ್ದರೆ ಗುಂಡು ಮಗುಚುತ್ತದೆ, ಗುರಿ ಅನ್ನುವುದೇ ಇರುವುದಿಲ್ಲ. ಹಾಗಾಗಿ ಸ್ವಲ್ಪ ಜೋರಿನ ಕಡೆಗೇ ವಾಲುವುದು ಜಾಣತನ.

ಅಡ್ಡ ತೂತಿನ ಪಾಠ

ಕೊನೆಯ ಮಾತು ನನ್ನದೇ ಅನುಭವ. ಎನ್‌ಸಿಸಿಯಲ್ಲಿದ್ದಾಗ ಒಂದು ಕ್ಯಾಂಪಿನಲ್ಲಿ ಶೂಟಿಂಗ್ ಟೀಮಿಗೆ ಆಯ್ಕೆ ಇತ್ತು. ಐದು ಗುಂಡು ಹೊಡೆದೆ. ಟಾರ್ಗೆಟ್ ಹಾಳೆ ತಂದು ನೋಡಿದರೆ ಮೂರು ತೂತು ದುಂಡಗೆ, ಎರಡು ತೂತು ಬೀಗದ ಕೈ ತೂತಿನ ಹಾಗೆ ಉದ್ದಕ್ಕೆ. ಆ ಎರಡೂ ಎಲ್ಲೋ ಮೂಲೆಯಲ್ಲಿ. ಉಸ್ತಾದರು ಹಾಳೆಯನ್ನು ಬೆಳಕಿಗೆ ಹಿಡಿದು, "ತಮ್ಮಾ, ಇದು ನಿನ್ನ ಕೈಯಾಂದಲ್ಲ. ನಳಿಗಿ ಸವದೈತಿ, ಗುಂಡು ಅಡ್ಡ ಬಡದೈತಿ" ಅಂದರು. ಆದರೆ ಅಂಕದ ಪಟ್ಟಿಯಲ್ಲಿ ಕಾರಣ ಬರೆಯುವ ಕಾಲಂ ಇರಲಿಲ್ಲ. ಟೀಮಿನಲ್ಲಿ ನನ್ನ ಹೆಸರೂ ಬರಲಿಲ್ಲ.

ಆಗ ಬೇಜಾರಾಗಿತ್ತು. ಈಗ ಅದನ್ನೇ ಪಾಠ ಅಂದುಕೊಂಡಿದ್ದೇನೆ. ಡ್ರಾಯಿಂಗ್‌ನಲ್ಲಿ 16ಕ್ಕೆ 1 ಅಂತ ಬರೆದಿದ್ದರೆ ಸಾಲದು, ಗೀರು ಸವೆದು ಗುಂಡು ಹಿಡಿತ ಬಿಟ್ಟರೆ ಅದಕ್ಕೆ ಸಿಗುವ ತಿರುವು ಎಷ್ಟೋ ಕಡಿಮೆ. ಲೆಕ್ಕ ಎಷ್ಟೇ ಸರಿ ಇದ್ದರೂ ಕೊನೆಗೆ ಟಾರ್ಗೆಟ್ ಹಾಳೆಯ ತೂತಿನ ಆಕಾರ ನೋಡಲೇಬೇಕು.

ನಿಮಗೊಂದು ಲೆಕ್ಕ

ಪೊಲೀಸರ ಹೆಗಲಿಗೆ ಕಾಣುವ 9 ಮಿ.ಮೀ. ಕಾರ್ಬೈನ್‌ನ ಗುಂಡು ವ್ಯಾಸ 0.355, ಉದ್ದ ಸುಮಾರು 0.6 ಇಂಚು. ಗ್ರೀನ್‌ಹಿಲ್ ಸೂತ್ರದಿಂದ ತಿರುವು ಎಷ್ಟು? ಉತ್ತರ 31ರ ಹತ್ತಿರ ಬರಬೇಕು. 9 ಮಿ.ಮೀ. ಬಂದೂಕುಗಳಲ್ಲಿ ಸಾಮಾನ್ಯವಾಗಿ ಇರುವುದು 10ಕ್ಕೆ 1. ಇಷ್ಟು ಅಂತರ ಇದ್ದರೂ ಯಾಕೆ ನಡೆಯುತ್ತದೆ ಅನ್ನುವುದನ್ನು ಮೇಲಿನ ವಿಭಾಗ ಇನ್ನೊಮ್ಮೆ ಓದಿ ನೀವೇ ಬರೆಯಿರಿ.

ರಾಮದುರ್ಗದ ತಮ್ಮಾ, ನಿನ್ನ ನೋಟ್‌ಬುಕ್ಕಿನಲ್ಲಿ ಆ ಸಾಲು ಹೊಡೆದುಹಾಕಿ ಹೀಗೆ ಬರಕೋ: ತಿರುವನ್ನು ಕೇಳುವುದು ಗುಂಡು, ನಳಿಗೆ ಅಲ್ಲ. ಮುಂದಿನ ಸೆಮಿನಾರ್‌ನಲ್ಲಿ ಇನ್ನೊಂದು ಪ್ರಶ್ನೆ ಕೇಳು. ಈ ಸಲ ಯೋಚನೆ ಮಾಡಿ ಉತ್ತರ ಹೇಳ್ತೀನಿ.